ಗಂಡಸರ ಸರದಿ ಬಂದೀತೆ?

ಎರಡನೆಯ ಹೆರಿಗೆಗೆಂದು ತವರಿಗೆ ಹೋದ ಹೆಣ್ಣುಮಗಳು, ‘ಆಪರೇಷನ್ನೂ ಮುಗಿಸಿಕೊಂಡೇ ಬಂದೆ’ ಎನ್ನುವುದನ್ನು ಪರವೂರಿನಲ್ಲಿ ನೆಲಸಿದ ನಾವೆಲ್ಲ ಕೇಳಿದ್ದೇವೆ. ಅದೇ ಮಾತನ್ನು ಗಂಡಸಿನ ಬಾಯಿಂದ ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ನಮ್ಮ ದೇಶದ ವಿವಾಹಿತ ದಂಪತಿಗಳಲ್ಲಿ ಶೇಕಡಾ 37.9ರಷ್ಟು ಮಂದಿ ಹೆಂಗಸಿನ ಶಸ್ತ್ರಕ್ರಿಯೆಯನ್ನು ನೆಚ್ಚಿದ್ದರು. ಗಂಡಸಿನ ಶಸ್ತ್ರಕ್ರಿಯೆಯನ್ನು ನೆಚ್ಚಿದ್ದವರು ಶೇಕಡಾ 0.3 ಮಾತ್ರ.

ಸಂತಾನ ನಿಯಂತ್ರಣದ ವಿಚಾರದಲ್ಲಿ ನಾವು ಹಿಂದುಳಿದವರೇನಲ್ಲ. ರಘುನಾಥ ಧೋಂಡೋ ಕರ್ವೆಯವರು 1921ರಲ್ಲೇ ಮುಂಬಯಿಯಲ್ಲಿ ಇದಕ್ಕಾಗಿ ಚಿಕಿತ್ಸಾಲಯ ತೆರೆದರು. ಈ ಪ್ರಚಾರಕ್ಕಾಗಿ ಅವರು ವಿಲ್ಸನ್ ಕಾಲೇಜಿನ ಗಣಿತ ಪ್ರಾಧ್ಯಾಪಕ ಹುದ್ದೆಯನ್ನೇ ಬಿಡಬೇಕಾಯಿತು. 1930ರಲ್ಲಿ ನಮ್ಮ ಮೈಸೂರು ಸಂಸ್ಥಾನ ಸರಕಾರದ ವತಿಯಿಂದಲೇ ಇಂಥ ಚಿಕಿತ್ಸಾಲಯಗಳನ್ನು ಆರಂಭಿಸಿತು. ಸರಕಾರವೊಂದು ಈ ಹೆಜ್ಜೆಯಿಟ್ಟದ್ದು ಪ್ರಪಂಚದಲ್ಲೇ ಮೊದಲೆನ್ನುತ್ತಾರೆ.

ಆದರೆ ಗಂಡಸರಿಗೆ ಉಳಿದ ಹಾದಿಗಳು ಎರಡೇ: ನಿರೋಧ್, ಇಲ್ಲವೆ ವೀರ್ಯನಾಳ ಕತ್ತರಿಸುವ ಶಸ್ತ್ರಕ್ರಿಯೆ. ಮೊದಲನೆಯದನ್ನು ಪ್ರತಿ ಸಲವೂ ನೆನಪಿಡಬೇಕು. ಎರಡನೆಯದನ್ನು ಮಾಡಿಸಿಕೊಂಡ ಮೇಲೆ ಹಿಂದಿರುಗುವುದು ಕಷ್ಟ. ಇದರ ಮೇಲೆ ತುರ್ತುಪರಿಸ್ಥಿತಿ ಬಂತು. 1976ರ ಒಂದೇ ವರ್ಷದಲ್ಲಿ ಸುಮಾರು 62 ಲಕ್ಷ ಗಂಡಸರಿಗೆ ಈ ಶಸ್ತ್ರಕ್ರಿಯೆಯಾಯಿತು. ಬಲವಂತಕ್ಕೆ ಒಳಗಾದವರೂ ಅವರಲ್ಲಿ ಅನೇಕರು. ಆ ಭೀತಿ ಕುಟುಂಬ ಯೋಜನೆಯ ಹೊರೆಯನ್ನೆಲ್ಲ ಹೆಂಗಸಿನ ಮೇಲೆ ತಳ್ಳಿತು.

ಅದೇ ದಶಕದಲ್ಲಿ ಚೀನಾ ಇನ್ನೊಂದು ದಾರಿ ಹುಡುಕಿತ್ತು. ನಮ್ಮ ಧಾರವಾಡದ ಕಡೆ ಎಮ್ಮೆಗೆ ಹಾಕುವ ಹತ್ತಿಕಾಳಿನಲ್ಲಿ ಗಾಸಿಪಾಲ್ ಎಂಬ ವಸ್ತುವಿದೆ. ಶುದ್ಧಿಮಾಡದ ಹತ್ತಿಕಾಳಿನ ಎಣ್ಣೆ ಬಳಸುತ್ತಿದ್ದ ಹಳ್ಳಿಗಳಲ್ಲಿ ಮಕ್ಕಳಾಗದಿರುವುದನ್ನು ಕಂಡು, ಅಲ್ಲಿನ ವೈದ್ಯರು 8,000ಕ್ಕೂ ಹೆಚ್ಚು ಗಂಡಸರ ಮೇಲೆ ಅದನ್ನು ಪರೀಕ್ಷಿಸಿದರು. ಮದ್ದು ಕೆಲಸ ಮಾಡಿತು. ಆದರೆ ಕೆಲವರ ರಕ್ತದಲ್ಲಿ ಪೊಟ್ಯಾಸಿಯಂ ಕುಸಿಯಿತು, ಕೆಲವರಿಗೆ ಸಂತಾನಶಕ್ತಿ ಮರಳಲೇ ಇಲ್ಲ. ಆ ಪ್ರಯೋಗ ಅಲ್ಲಿಗೇ ನಿಂತಿತು.

ನಮ್ಮ ದೇಶದ ಉತ್ತರ ಬಂದದ್ದು ಒಬ್ಬ ಎಂಜಿನಿಯರರಿಂದ. ದೆಹಲಿಯ ಐ.ಐ.ಟಿ.ಯಲ್ಲಿದ್ದ ಡಾ. ಸುಜಯ್ ಗುಹಾ 1979ರಲ್ಲಿ ಈ ಕುರಿತ ತಮ್ಮ ಮೊದಲ ಪ್ರಬಂಧ ಪ್ರಕಟಿಸಿದರು. ಅವರ ವಿಧಾನಕ್ಕೆ ‘ರಿಸಗ್’ ಎಂದು ಹೆಸರು. ವೀರ್ಯನಾಳವನ್ನು ಕತ್ತರಿಸುವುದಿಲ್ಲ, ಅದರೊಳಕ್ಕೆ ಒಂದು ಪಾಲಿಮರ್ ದ್ರವವನ್ನು ಸೂಜಿಯಿಂದ ಸೇರಿಸುತ್ತಾರೆ. ಅದು ನಾಳದ ಒಳಗೋಡೆಗೆ ಅಂಟಿ ನಿಲ್ಲುತ್ತದೆ. ಹಾದುಹೋಗುವ ವೀರ್ಯಾಣುವಿನ ಹೊರಪೊರೆ ಅದರ ವಿದ್ಯುದಂಶದಿಂದ ಕೆಟ್ಟು, ಫಲ ಕಟ್ಟುವ ಶಕ್ತಿ ನಾಶವಾಗುತ್ತದೆ. ಹಾರ್ಮೋನಿನ ಗೊಡವೆಯಿಲ್ಲ. ಬೇಡವೆನಿಸಿದಾಗ ಇನ್ನೊಂದು ದ್ರವದಿಂದ ಅದನ್ನು ತೊಳೆದು ತೆಗೆಯಬಹುದೆಂಬುದು ಅವರ ಎಣಿಕೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 303 ವಿವಾಹಿತ ಪುರುಷರಲ್ಲಿ ನಡೆಸಿದ ಮೂರನೆಯ ಹಂತದ ಪರೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಗರ್ಭ ತಡೆಯುವಲ್ಲಿ ಶೇಕಡಾ 99ರಷ್ಟು ಯಶಸ್ಸು, ಗಂಭೀರ ದುಷ್ಪರಿಣಾಮವಿಲ್ಲ. ಮೊದಲ ಪ್ರಬಂಧದಿಂದ ಇಲ್ಲಿಗೆ ಬರಲು 44 ವರ್ಷ ಹಿಡಿಯಿತು! ತೊಳೆದು ತೆಗೆಯುವ ಕ್ರಮ ಪ್ರಾಣಿಗಳಲ್ಲಿ ಸಫಲವಾಗಿದೆ. ಮನುಷ್ಯರಲ್ಲಿ ಅದನ್ನು ಸಿದ್ಧಪಡಿಸಿ ತೋರಿಸುವ ಕೆಲಸ ಆ ಪರೀಕ್ಷೆಯಲ್ಲಿ ಸೇರಿರಲಿಲ್ಲ. ‘ಮರಳಿ ಪಡೆಯಬಹುದು’ ಎಂಬ ಮಾತನ್ನು ನಾವು ಎಚ್ಚರದಿಂದಲೇ ಆಡಬೇಕು.

ಅಮೆರಿಕೆಯಲ್ಲೂ ಶೋಧ ಸಾಗಿದೆ. ಭುಜಕ್ಕೆ ದಿನವೂ ಸವರಿಕೊಳ್ಳುವ ಹಾರ್ಮೋನಿನ ಜೆಲ್ಲನ್ನು 2018ರಿಂದ ದಂಪತಿಗಳಲ್ಲಿ ಪರೀಕ್ಷಿಸಲಾಯಿತು. ಹಾರ್ಮೋನಿಲ್ಲದ ಒಂದು ಗುಳಿಗೆಯನ್ನು 16 ಗಂಡಸರಿಗೆ ಕೊಟ್ಟು ನೋಡಿದ ಮೊದಲ ವರದಿ 2025ರಲ್ಲಿ ಬಂತು.

ಮದ್ದು ಸಿದ್ಧವಾದ ಮಾತ್ರಕ್ಕೆ ಹೊರೆ ಹಂಚಿಹೋಗದು. ಬಲವಂತದಿಂದ ಕೆಟ್ಟ ನಂಬಿಕೆಯನ್ನು ಒಪ್ಪಿಗೆಯಿಂದಲೇ ಕಟ್ಟಬೇಕು. ಬಾಣಂತಿತನಕ್ಕೆ ಅತ್ತೆಯನ್ನೋ ತಾಯಿಯನ್ನೋ ರೈಲು ಹತ್ತಿಸಿ ಕರೆಸಿಕೊಳ್ಳುವ ನಮ್ಮ ಪುಟ್ಟ ಸಂಸಾರಗಳಲ್ಲಿ, ‘ಈ ಸಲ ನಾನು ಡಾಕ್ಟರರ ಹತ್ತಿರ ಹೋಗಿಬರುತ್ತೇನೆ’ ಎಂದು ಗಂಡ ಹೇಳುವ ದಿನ ಬರಲಿ. ಆ ಮಾತಿಗೆ ಮಾತ್ರ ಯಾವ ಸಂಶೋಧನೆಗೂ ಕಾಯಬೇಕಾಗಿಲ್ಲ.