ಬೀದರಿನಲ್ಲಿ ಪಳಗಿದ ವಿಮಾನಚಾಲಕಿ

ಆಳಂದದವರಾಗಲಿ, ಭೀಮಾತೀರದ ಅಫಜಲಪುರ ಜೇವರ್ಗಿಗಳವರಾಗಲಿ, ವಿಮಾನವೆಂದೊಡನೆ ನಾವು ನೆನೆಯುವುದು ಬೆಂಗಳೂರನ್ನು, ಇಲ್ಲವೇ ಹೈದರಾಬಾದನ್ನು. ನಮ್ಮ ನೆರೆಯ ಬೀದರನ್ನು ನೆನೆಯುವವರು ವಿರಳ. ಆದರೆ ಭಾರತದ ಯುದ್ಧವಿಮಾನಗಳಲ್ಲಿ ಮೊತ್ತಮೊದಲಿಗೆ ಕುಳಿತ ಮೂವರು ಹೆಣ್ಣುಮಕ್ಕಳು ಜೆಟ್ ವಿದ್ಯೆಯಲ್ಲಿ ಪಳಗಿದ್ದು ಆ ಬೀದರಿನಲ್ಲಿಯೇ ಎಂಬುದನ್ನು ವಾಚಕರು ಬಲ್ಲಿರಾ? ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ಎಂಬುವರೇ ಆ ಮೂವರು. ಇವರಲ್ಲಿ ಭಾವನಾ ಅವರಿಗೆ ಕನ್ನಡನಾಡಿನ ನಂಟು ಇನ್ನಷ್ಟು ಹೆಚ್ಚಿನದು. ಆದುದರಿಂದ ಅವರ ಕಥೆಯನ್ನೇ ಹೇಳುತ್ತೇನೆ.

ಭಾವನಾ ಹುಟ್ಟಿದ್ದು 1992ರಲ್ಲಿ, ಬಿಹಾರದ ದರ್ಭಾಂಗದಲ್ಲಿ. ತಂದೆ ಇಂಡಿಯನ್ ಆಯಿಲ್ ಸಂಸ್ಥೆಯ ಇಂಜಿನಿಯರು. ಬೆಂಗಳೂರಿನ ಬಿ.ಎಂ.ಎಸ್. ಕಾಲೇಜಿನಲ್ಲಿ ವೈದ್ಯಕೀಯ ಎಲೆಕ್ಟ್ರಾನಿಕ್ಸ್ ಓದಿ, 2014ರಲ್ಲಿ ಪದವಿ ಪಡೆದು, ಅನಂತರ ವಾಯುಸೇನೆಯನ್ನು ಸೇರಿದರು.

ವಾಯುಸೇನೆಯಲ್ಲಿ ಸ್ತ್ರೀಯರು ಸಾಗಣೆವಿಮಾನಗಳನ್ನು 1994ರಿಂದಲೇ ನಡೆಸುತ್ತಿದ್ದರು. ಯುದ್ಧವಿಮಾನ ಮಾತ್ರ ಅವರಿಗೆ ನಿಷಿದ್ಧವಾಗಿತ್ತು. 2015ರ ಅಕ್ಟೋಬರಿನಲ್ಲಿ ಸರಕಾರವು ಆ ಬಾಗಿಲನ್ನು ತೆರೆಯಿತು, ಆದರೆ 'ಪ್ರಾಯೋಗಿಕವಾಗಿ' ಎಂಬ ಒಂದು ವಿಶೇಷಣವನ್ನು ಅಂಟಿಸಿಯೇ ತೆರೆಯಿತು. ಈ ಮೂವರು ಎಡವಿದರೆ ಎಡವಿದವರು ಮೂವರೇ ಎಂದು ಲೋಕ ಎಣಿಸುತ್ತಿರಲಿಲ್ಲ, ಹೆಣ್ಣುಕುಲವೇ ಎಡವಿತೆನ್ನುತ್ತಿತ್ತು. ಮೊದಲ ನಾಲ್ಕು ವರ್ಷ ತಾಯ್ತನವನ್ನು ಮುಂದೂಡುವುದು ಲೇಸೆಂದು ವಾಯುಸೇನೆ ಇವರಿಗೆ ಸಲಹೆಯಿತ್ತಿತು. ತರಬೇತಿ ನಡುವೆ ಕಡಿಯಬಾರದೆಂಬುದೇನೋ ದಿಟ. ಆದರೂ ಜೊತೆಯ ತರುಣರಾರಿಗೂ ಇಂಥ ಲೆಕ್ಕ ಹಾಕಬೇಕಾಗಿ ಬರಲಿಲ್ಲವಲ್ಲ!

ಮೊದಲ ಪಾಠ ಹೈದರಾಬಾದಿನ ಬಳಿಯ ದುಂಡಿಗಲ್ ಅಕಾಡೆಮಿಯಲ್ಲಿ, ಪಿಲಾಟಸ್ ವಿಮಾನದ ಮೇಲೆ. ಎರಡನೆಯದು ಹಕೀಂಪೇಟೆಯಲ್ಲಿ, ಬೆಂಗಳೂರಿನ ಎಚ್.ಎ.ಎಲ್. ನಿರ್ಮಿಸಿದ ಕಿರಣ್ ಜೆಟ್ಟಿನ ಮೇಲೆ. ಈ ಹಂತದಲ್ಲಿ 'ಸ್ಪಿನ್' ಎಂಬ ಕಠಿಣ ಅಭ್ಯಾಸವೊಂದುಂಟು. ವಿಮಾನದ ವೇಗವನ್ನು ಬೇಕೆಂದೇ ತಗ್ಗಿಸಿ, ರೆಕ್ಕೆಗಳು ಗಾಳಿಯ ಆಸರೆಯನ್ನು ಕಳೆದುಕೊಳ್ಳುವಂತೆ ಮಾಡುವುದು. ಆಗ ಅದು ಬುಗುರಿಯಂತೆ ಗಿರಗಿರನೆ ಸುತ್ತುತ್ತ ಕೆಳಗೆ ಬೀಳತೊಡಗುತ್ತದೆ. ಬೀಳುವುದನ್ನು ತಡೆದು ಮತ್ತೆ ನೆಟ್ಟಗೆ ಹಾರಿಸುವುದೇ ಪಾಠ. 20,000 ಅಡಿ ಎತ್ತರದಲ್ಲಿ ಒಬ್ಬರೇ ಮೊದಲ ಬಾರಿಗೆ ಇದನ್ನು ಮಾಡಹೊರಟಾಗ, ವಿಮಾನ ಮರಳಿ ಹತೋಟಿಗೆ ಬಾರದಿದ್ದರೆ ಗತಿಯೇನೆಂದು ಕ್ಷಣಕಾಲ ಅಳುಕಿದುದನ್ನು ಭಾವನಾ ತಾವೇ ಪತ್ರಿಕೆಯವರಿಗೆ ಹೇಳಿಕೊಂಡಿದ್ದಾರೆ. ಅಳುಕುತ್ತಲೇ ಇಳಿದರು, ಕಲಿತ ಕ್ರಮ ತಪ್ಪದೆ ಹೊರಬಂದರು.

2016ರ ಜೂನ್ 18ರಂದು ಮೂವರೂ ಅಧಿಕಾರಿಗಳಾದರು. ಅಲ್ಲಿಂದ ಬೀದರಿಗೆ. ಒಂದು ಕಾಲಕ್ಕೆ ಎಳೆಯ ಚಾಲಕರಿಗೆ ಓನಾಮ ತಿದ್ದಿಸುತ್ತಿದ್ದ ಈ ನೆಲೆಗೆ 2008ರಲ್ಲಿ ಹಾಕ್ ಜೆಟ್ಟುಗಳು ಬಂದವು. ಮುಂದೆ ಶಿಷ್ಯ, ಹಿಂದೆ ಗುರು ಕೂರುವ ವಿಮಾನವದು. ಜೊತೆಗೂಡಿ ಹಾರುವುದು, ನೆಲದ ಗುರಿಗೆ ಅಸ್ತ್ರವೆಸೆಯುವುದು ಮೊದಲಾದ ಯುದ್ಧಕಲೆಯನ್ನು ಅದರಲ್ಲಿ ಕಲಿಸುತ್ತಾರೆ.

ಮುಂದಿನದು ಮಿಗ್-21 ಬೈಸನ್. ಗಂಟೆಗೆ ಸುಮಾರು 340 ಕಿಲೋಮೀಟರ್ ವೇಗದಲ್ಲಿ ನೆಲಕ್ಕಿಳಿಯುವ, 2025ರ ಸೆಪ್ಟೆಂಬರಿನಲ್ಲಿ ನಿವೃತ್ತವಾದ ಉಗ್ರ ವಿಮಾನ. ಅದರಲ್ಲಿ ಅವನಿ 2018ರ ಫೆಬ್ರವರಿ 19ರಂದು ಜಾಮನಗರದಿಂದ, ಭಾವನಾ ಮಾರ್ಚ್ 16ರಂದು ಅಂಬಾಲೆಯಿಂದ ಒಬ್ಬೊಬ್ಬರೇ ಹಾರಿದರು. ಒಂಟಿಯಾಗಿ ಹಾರಿದ ಮಾತ್ರಕ್ಕೆ ಯುದ್ಧಕ್ಕೆ ಕಳಿಸುವುದಿಲ್ಲ. ಅದಕ್ಕೆ ಬೇರೆಯೇ ಅಭ್ಯಾಸ, ಬೇರೆಯೇ ಪರೀಕ್ಷೆ. 2019ರ ಮೇ ತಿಂಗಳಲ್ಲಿ ಹಗಲಿನ ಯುದ್ಧಕಾರ್ಯಕ್ಕೆ ಅರ್ಹತೆ ಪಡೆದ ಪ್ರಥಮ ಮಹಿಳೆ ಭಾವನಾ ಅವರೇ.

ಇಲ್ಲೊಂದು ವ್ಯಾಕರಣದ ಮಾತು: ಸಂಸ್ಕೃತದ ಸೂತ್ರದಂತೆ 'ಚಾಲಿಕೆ' ಎನ್ನಬೇಕು. 'ಲೇಖಕಿ', 'ಗಾಯಕಿ'ಯರನ್ನು ಒಪ್ಪಿಕೊಂಡ ಕನ್ನಡ 'ಚಾಲಕಿ'ಯನ್ನೂ ಒಪ್ಪಿಕೊಂಡಿದೆ. ನಾನು ತಕರಾರು ತೆಗೆಯಲಾರೆ.

2018ರಲ್ಲಿ ನಮ್ಮ ಚಿಕ್ಕಮಗಳೂರು ಜಿಲ್ಲೆಯ ಮರ್ಲೆ ಗ್ರಾಮದ ಮೇಘನಾ ಶಾನಭೋಗ್ ಕೂಡ ಇದೇ ಹಾದಿ ಹಿಡಿದರು. 'ಪ್ರಾಯೋಗಿಕ' ಎಂಬ ಆ ವಿಶೇಷಣವನ್ನು ತೆಗೆದುಹಾಕಿ, ಏರ್ಪಾಟನ್ನು ಖಾಯಂ ಮಾಡುವ ನಿರ್ಣಯವನ್ನು ಸರಕಾರ ಪ್ರಕಟಿಸಿದ್ದು 2022ರ ಫೆಬ್ರವರಿಯಲ್ಲಿ.