ಐದು ಡಾಲರಿನ ಚುನಾವಣೆ ಮತ್ತು ಹರಾಜಿಗೆ ಬಂದ ಸರ್ಕಾರಿ ಕಾರುಗಳು

ಭೂಸ್ವಾಧೀನದ ಪರಿಹಾರ ಕೊಡದೆ ಸತಾಯಿಸಿದ್ದಕ್ಕೆ ಎಸಿ ಸಾಹೇಬರ ಜೀಪು ಜಪ್ತಿ ಆಯ್ತು, ಕಚೇರಿಯ ಕುರ್ಚಿ, ಕಂಪ್ಯೂಟರುಗಳನ್ನು ಕೋರ್ಟಿನ ಅಮೀನರು ಹೊತ್ತುಕೊಂಡು ಹೋದರು... ಇಂಥ ಸುದ್ದಿ ನಮ್ಮ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಆಗಾಗ ಬರುತ್ತಲೇ ಇರುತ್ತೆ. ಓದಿದಾಗಲೆಲ್ಲ ನಗು ಬರುತ್ತೆ, ಜೊತೆಗೆ ನನಗೆ ಬಾಸ್ಟನ್ ನೆನಪಾಗುತ್ತೆ. ಯಾಕೆಂದರೆ 2002ರಲ್ಲಿ ಅಲ್ಲೂ ಹೀಗೇ ಆಗಿತ್ತು. ಮ್ಯಾಸಚೂಸೆಟ್ಸ್ ರಾಜ್ಯ ಸರ್ಕಾರದ ವಾಹನಗಳನ್ನು ಕೋರ್ಟಿನ ಅಪ್ಪಣೆ ಮೇರೆಗೆ ಹರಾಜು ಹಾಕಿದರು. ಆದರೆ ಅಲ್ಲಿ ಸರ್ಕಾರ ಬಾಕಿ ಇಟ್ಟುಕೊಂಡಿದ್ದು ಜಮೀನು ಕಳಕೊಂಡ ರೈತರ ದುಡ್ಡನ್ನಲ್ಲ, ಚುನಾವಣೆಗೆ ನಿಂತವರ ದುಡ್ಡನ್ನು!

ನಾನಾಗ ಬಾಸ್ಟನ್ನಿನ ಹತ್ತಿರದ ಒಂದು ಊರಿನಲ್ಲಿ, ಎಲ್ಲರ ಹಾಗೆ, ಕಂಪ್ಯೂಟರ್ ಕುಟ್ಟುತ್ತಿದ್ದೆ. ಅಲ್ಲಿ ನನಗೆ ಓಟಿಲ್ಲ, ಹಾಗಾಗಿ ರಾಜಕೀಯ ಬರೀ ತಮಾಷೆ ನೋಡೋಕೆ. ಚುನಾವಣೆಗೆ ನಿಂತವರಿಗೆ ಸರ್ಕಾರ ಯಾಕೆ ದುಡ್ಡು ಕೊಡಬೇಕು ಅನ್ನೋದು ಮೊದಲು ನನಗೂ ಅರ್ಥ ಆಗಿರಲಿಲ್ಲ. ಆಮೇಲೆ ಕೆದಕುತ್ತಾ ಹೋದೆ. ಆ ಕತೆಯನ್ನು ಇಲ್ಲಿ ಬರೆದಿಡೋಣ ಅನ್ನಿಸಿತು.

ಕತೆ ಶುರುವಾಗೋದು ಮ್ಯಾಸಚೂಸೆಟ್ಸಿನಲ್ಲಲ್ಲ, ಅದಕ್ಕಿಂತ ಉತ್ತರಕ್ಕಿರುವ ಮೇನ್ ರಾಜ್ಯದಲ್ಲಿ. ಕಾಡು, ಕಡಲು, ಸೀಗಡಿಯ ದೊಡ್ಡಣ್ಣನಂಥ ಲಾಬ್‌ಸ್ಟರ್, ಮತ್ತು ಕಡಿಮೆ ಜನ. ಅಲ್ಲಿನ ಶಾಸಕರ ಸಂಬಳವೂ ಕಡಿಮೆ, ಬಹುತೇಕರಿಗೆ ಬೇರೆ ಕಸುಬು ಇರಲೇಬೇಕು. ಆದರೂ ಚುನಾವಣೆ ಖರ್ಚು ಏರುತ್ತಲೇ ಹೋಯಿತು. ಖರ್ಚಿಗೊಂದು ಮಿತಿ ಹಾಕಿಬಿಡಬಹುದಿತ್ತಲ್ಲ ಅಂತ ನೀವು ಕೇಳಬಹುದು. ಅಮೆರಿಕದಲ್ಲಿ ಅದು ಆಗುವುದಿಲ್ಲ. 1976ರಲ್ಲಿ ಬಕ್ಲಿ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಅಭ್ಯರ್ಥಿ ಇಷ್ಟೇ ಖರ್ಚು ಮಾಡಬೇಕು ಅಂತ ಕಾನೂನು ಕಟ್ಟಿಹಾಕುವುದು ವಾಕ್ ಸ್ವಾತಂತ್ರ್ಯಕ್ಕೆ ವಿರುದ್ಧ ಎಂದು ಹೇಳಿಬಿಟ್ಟಿತು. ಆದರೆ ಒಂದು ಕಿಂಡಿ ಬಿಟ್ಟಿತು. ಅಭ್ಯರ್ಥಿ ತಾನಾಗಿ ಒಪ್ಪಿ ಸರ್ಕಾರದ ದುಡ್ಡು ತೆಗೆದುಕೊಂಡರೆ, ಆಗ ಮಿತಿಗೂ ಒಪ್ಪಿಕೊಳ್ಳಬೇಕು ಅಂತ ಷರತ್ತು ಹಾಕಬಹುದು.

ಮೇನ್ ಜನ ಆ ಕಿಂಡಿಯಲ್ಲೇ ತೂರಿದರು. 1995ರ ನವೆಂಬರಿನ ಮತದಾನದ ದಿನ, ಸಾವಿರದಷ್ಟು ಸ್ವಯಂಸೇವಕರು ಮತಗಟ್ಟೆಗಳ ಹತ್ತಿರ ಮೇಜು ಹಾಕಿಕೊಂಡು ಕೂತರು. ಓಟು ಹಾಕಿ ಹೊರಬಂದವರ ಹತ್ತಿರ ಸಹಿ ಕೇಳಿದರು. ಒಂದೇ ದಿನದಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಸಹಿ ಸಿಕ್ಕಿತು. ಮರುವರ್ಷ, 1996ರಲ್ಲಿ, ‘ಸ್ವಚ್ಛ ಚುನಾವಣೆ ಕಾಯ್ದೆ’ ನೇರ ಜನಮತಕ್ಕೆ ಬಂತು. ನೂರಕ್ಕೆ 56 ಜನ ಹೌದು ಅಂದರು. ಶಾಸಕರ ಕೈಯಿಂದ ಹಾದುಹೋಗದೆ ಶಾಸಕರ ಚುನಾವಣೆಯ ಕಾನೂನು ಬದಲಾಯಿತು.

ಕಾಯ್ದೆಯ ಕೆಲಸ ಸರಳ. ಕೆಳಮನೆಗೆ ನಿಲ್ಲುವವರು ತಮ್ಮ ಕ್ಷೇತ್ರದ 50 ಮತದಾರರಿಂದ ತಲಾ ಐದು ಡಾಲರ್ ಸಂಗ್ರಹಿಸಬೇಕು. ಮೇಲ್ಮನೆಗೆ 150 ಜನ, ಗವರ್ನರ್ ಸ್ಥಾನಕ್ಕೆ 2500 ಜನ. (ಈ ಸಂಖ್ಯೆಗಳು ಆಮೇಲೆ ಹೆಚ್ಚಾದವು.) ಆ ದುಡ್ಡು ಅಭ್ಯರ್ಥಿಯ ಜೇಬಿಗಲ್ಲ, ಸರ್ಕಾರದ ಚುನಾವಣಾ ನಿಧಿಗೆ ಹೋಗುತ್ತೆ. ಇಷ್ಟು ಜನ ನನ್ನನ್ನು ನಂಬಿದ್ದಾರೆ ಅನ್ನೋದಕ್ಕೆ ಅದು ಸಾಕ್ಷಿ ಅಷ್ಟೆ. ಸಾಕ್ಷಿ ಸಿಕ್ಕಮೇಲೆ ನಿಧಿಯಿಂದ ಪ್ರಚಾರಕ್ಕೆ ಒಂದು ನಿಗದಿತ ಮೊತ್ತ ಬರುತ್ತೆ. ಆಮೇಲೆ ಕಂಪನಿಯವರ ಹತ್ತಿರವಾಗಲಿ, ಸಾಹುಕಾರರ ಹತ್ತಿರವಾಗಲಿ ಒಂದು ಕಾಸೂ ಮುಟ್ಟುವಂತಿಲ್ಲ. ಎದುರಾಳಿ ಖಾಸಗಿ ದುಡ್ಡು ಸುರಿದರೆ, ಒಂದು ಮಿತಿಯವರೆಗೆ ನಿಧಿಯಿಂದಲೂ ಹೆಚ್ಚುವರಿ ಸಿಗುತ್ತಿತ್ತು.

2000ನೇ ಇಸವಿಯಲ್ಲಿ ಮೊದಲ ಪ್ರಯೋಗ. ಆ ಸಲ ಗೆದ್ದವರಲ್ಲಿ ಡೆಬೊರಾ ಸಿಂಪ್ಸನ್ ಒಬ್ಬರು. ಹೋಟೆಲಿನಲ್ಲಿ ಊಟ ಬಡಿಸುತ್ತಿದ್ದ, ಒಬ್ಬಂಟಿಯಾಗಿ ಮಗುವನ್ನು ಸಾಕುತ್ತಿದ್ದ ಹೆಂಗಸು. ಹಳೆಯ ಪದ್ಧತಿಯಲ್ಲಿ ಅವರು ನಿಲ್ಲುವ ಮಾತೇ ಇರಲಿಲ್ಲ. ಶಾಸನಸಭೆಗೆ ಹೋದರು, ಮುಂದೆ ಮೇಲ್ಮನೆಗೂ ಹೋದರು. 2008ರ ಹೊತ್ತಿಗೆ ಮೇನ್ ಶಾಸಕರಲ್ಲಿ ಐದರಲ್ಲಿ ನಾಲ್ಕಕ್ಕೂ ಹೆಚ್ಚು ಜನ, ಎರಡೂ ಪಕ್ಷದವರು, ಇದೇ ದಾರಿಯಲ್ಲಿ ಗೆದ್ದು ಬಂದಿದ್ದರು.

ಈಗ ಮ್ಯಾಸಚೂಸೆಟ್ಸಿಗೆ ಬರೋಣ. ಮೇನ್ ಗೆದ್ದಿದ್ದನ್ನು ನೋಡಿ ಇಲ್ಲಿನವರೂ ಸಹಿ ಸಂಗ್ರಹಿಸಿ, 1998ರ ನವೆಂಬರಿನಲ್ಲಿ ಜನಮತಕ್ಕೆ ಹೋದರು. ಮೇನಿಗಿಂತ ಭರ್ಜರಿ ಗೆಲುವು. ಮೂವರಲ್ಲಿ ಇಬ್ಬರು ಹೌದು ಅಂದಿದ್ದರು. ಹೋರಾಟಗಾರರು ಹಬ್ಬ ಮಾಡಿದರು. ಆದರೆ ಒಂದು ಗಂಟು ಉಳಿದಿತ್ತು. ಆ ರಾಜ್ಯದ ಸಂವಿಧಾನದ ಪ್ರಕಾರ ಜನ ನೇರವಾಗಿ ಕಾನೂನು ಮಾಡಬಹುದು, ಆದರೆ ಖಜಾನೆಯಿಂದ ನೇರವಾಗಿ ದುಡ್ಡು ತೆಗೆಯುವ ಹಾಗಿಲ್ಲ. ಅದನ್ನು ಬಜೆಟ್ಟಿನಲ್ಲಿ ಶಾಸಕರೇ ಕೊಡಬೇಕು. ಅಂದರೆ, ತಮ್ಮ ಎದುರಾಳಿಗಳಿಗೆ ಪ್ರಚಾರದ ಖರ್ಚನ್ನು ಗೆದ್ದು ಕೂತ ಶಾಸಕರೇ ಮಂಜೂರು ಮಾಡಬೇಕು!

ಯಾರು ಮಾಡ್ತಾರೆ ಹೇಳಿ? ನಿಧಿ ಅಂತ ಒಂದಿಷ್ಟು ಎತ್ತಿಟ್ಟಿದ್ದೂ ಉಂಟು. ಆದರೆ ಬಳಸುವ ಹೊತ್ತು ಹತ್ತಿರ ಬಂದಾಗ ಕೀಲಿ ಕೊಡಲಿಲ್ಲ. ಕೆಳಮನೆಯ ಸ್ಪೀಕರ್ ಟಾಮ್ ಫಿನರನ್ ಈ ಕಾಯ್ದೆಯ ದೊಡ್ಡ ವಿರೋಧಿ. ಅಂದಹಾಗೆ ಅವರದು ಡೆಮಾಕ್ರಟ್ ಪಕ್ಷ, ಸಭೆಯಲ್ಲಿ ಭಾರೀ ಬಹುಮತವೂ ಅದೇ ಪಕ್ಷದ್ದು. ಇಲ್ಲಿ ಪಕ್ಷದ ಜಗಳ ಇರಲಿಲ್ಲ, ಒಳಗಿರುವವರಿಗೂ ಹೊರಗಿರುವವರಿಗೂ ಇದ್ದ ಜಗಳ ಅದು.

ಹೋರಾಟಗಾರರು ಕೋರ್ಟಿಗೆ ಹೋದರು. 2002ರ ಜನವರಿಯಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯ ಸ್ಪಷ್ಟವಾಗಿ ಹೇಳಿತು: ಜನ ಮಾಡಿದ ಕಾನೂನನ್ನು ಬೇಡ ಅನ್ನಿಸಿದರೆ ರದ್ದು ಮಾಡಿ, ಇಲ್ಲವೇ ಅದಕ್ಕೆ ದುಡ್ಡು ಕೊಡಿ. ಎರಡೂ ಮಾಡದೆ ಕೂರುವ ಹಾಗಿಲ್ಲ. ಶಾಸಕರು ಎರಡೂ ಮಾಡದೆ ಕೂತರು. ಆಗಲೇ ನ್ಯಾಯಮೂರ್ತಿ ಮಾರ್ಥಾ ಸೋಸ್ಮನ್ ಅವರು ರಾಜ್ಯದ ಆಸ್ತಿ ಮಾರಿ ಅಭ್ಯರ್ಥಿಗಳಿಗೆ ಕೊಡಲು ಅಪ್ಪಣೆ ಮಾಡಿದ್ದು. ಸರ್ಕಾರಿ ಕಾರುಗಳು ಹರಾಜಿಗೆ ಬಂದವು. ನಮ್ಮ ಆಫೀಸಿನ ಊಟದ ಮೇಜಿನಲ್ಲಿ ಒಂದು ವಾರ ಇದೇ ತಮಾಷೆ.

ಆ ವರ್ಷ ಗವರ್ನರ್ ಸ್ಥಾನಕ್ಕೆ ಈ ದಾರಿಯಲ್ಲಿ ಹೊರಟವರು ವಾರೆನ್ ಟೋಲ್ಮನ್. ಕಾಯ್ದೆ ಕೇಳಿದಷ್ಟು ಸಾವಿರಾರು ಸಣ್ಣ ದೇಣಿಗೆ ಕೂಡಿಸಿಯೂ ಕೋರ್ಟಿನ ಬಾಗಿಲಲ್ಲಿ ಕಾಯಬೇಕಾಯಿತು. ಸೆಪ್ಟೆಂಬರಿನಲ್ಲಿ ಪಕ್ಷದ ಒಳಗಿನ ಚುನಾವಣೆಯಲ್ಲೇ ಸೋತರು.

ಆದರೆ ಕಾಯ್ದೆಯ ಕುತ್ತಿಗೆಗೆ ಬಂದದ್ದು ಅದಲ್ಲ. ನವೆಂಬರಿನ ಚುನಾವಣೆಗೆ ಮುಂಚೆ, ಮನೆಮನೆಗೂ ಕಳಿಸುವ ಮತದಾರರ ಕೈಪಿಡಿ ನನ್ನ ಅಂಚೆ ಡಬ್ಬಿಗೂ ಬಂತು. ಓಟಿಲ್ಲದಿದ್ದರೂ ಕೂತು ಓದಿದೆ. ಮೂರು ಪ್ರಶ್ನೆಗಳಿದ್ದವು. ಮೊದಲನೆಯದು, ರಾಜ್ಯದ ಆದಾಯ ತೆರಿಗೆಯನ್ನೇ ಪೂರ್ತಿ ತೆಗೆದುಹಾಕೋಣವಾ ಅಂತ. (ಅದಕ್ಕೆ ಸುಮಾರು 45 ಪರ್ಸೆಂಟ್ ಜನ ಹೌದು ಅಂದರು! ಆ ವರ್ಷ ಜನರ ಮನಸ್ಸು ಹೇಗಿತ್ತು ಅನ್ನೋದಕ್ಕೆ ಇದು ಸಾಕು.) ಎರಡನೆಯದು ಶಾಲೆಗಳಲ್ಲಿ ಇಂಗ್ಲಿಷ್ ಕಲಿಸುವ ಬಗ್ಗೆ. ಮೂರನೆಯದು ಶಾಸಕರೇ ಹಾಕಿದ್ದು, ಬರೀ ಅಭಿಪ್ರಾಯ ಕೇಳುವ ಪ್ರಶ್ನೆ. ರಾಜಕೀಯ ಪ್ರಚಾರಕ್ಕೆ ತೆರಿಗೆದಾರರ ಹಣ ಬಳಸುವುದನ್ನು ನೀವು ಬೆಂಬಲಿಸುತ್ತೀರಾ?

ನೋಡಿ, ವಿಷಯ ಅದೇ. ಆದರೆ ‘ಸ್ವಚ್ಛ’ ಅನ್ನೋ ಪದ ಇಲ್ಲ. ಐದು ಡಾಲರ್ ಕೊಟ್ಟ ಮತದಾರರು ಇಲ್ಲ, ಸಾಹುಕಾರರ ಹಂಗು ಇಲ್ಲ. ಉಳಿದಿದ್ದು ತೆರಿಗೆ ಮತ್ತು ರಾಜಕಾರಣಿ. ನಾಲ್ವರಲ್ಲಿ ಸುಮಾರು ಮೂವರು ಬೇಡ ಅಂದರು. ಅದನ್ನೇ ಹಿಡಿದು 2003ರಲ್ಲಿ ಬಜೆಟ್ಟಿನ ಜೊತೆ ಸೇರಿಸಿ ಕಾಯ್ದೆಯನ್ನು ರದ್ದು ಮಾಡಿದರು.

ನನ್ನ ಜೊತೆ ಕೆಲಸ ಮಾಡುತ್ತಿದ್ದ ಹಿರಿಯರೊಬ್ಬರು, ಅಲ್ಲೇ ಹುಟ್ಟಿ ಬೆಳೆದವರು, 98ರಲ್ಲಿ ಹೌದು ಅಂದವರು 2002ರಲ್ಲಿ ಬೇಡ ಅಂದಿದ್ದರು. ಯಾಕೆ ಅಂತ ಕೇಳಿದೆ. “ಆಗ ಚುನಾವಣೆ ಚೊಕ್ಕ ಆಗಬೇಕಾ ಅಂತ ಕೇಳಿದರು, ಆಗಬೇಕು ಅಂದೆ. ಈಗ ಇವರ ಜಾಹೀರಾತಿಗೆ ನಾನು ದುಡ್ಡು ಕೊಡಬೇಕಾ ಅಂತ ಕೇಳಿದರು, ಇಲ್ಲ ಅಂದೆ. ಎರಡು ಸಲವೂ ನಿಜವನ್ನೇ ಹೇಳಿದ್ದೇನೆ” ಅಂದರು. ನನಗೆ ಸಿಟ್ಟು ಬರಲಿಲ್ಲ. ಅವರ ಮಾತಲ್ಲಿ ಹುರುಳಿತ್ತು. ಆಸ್ಪತ್ರೆ, ಶಾಲೆಗಳ ದುಡ್ಡಿಗೇ ಕತ್ತರಿ ಬೀಳುವ ವರ್ಷದಲ್ಲಿ, ನನಗೆ ಆಗದ ಅಭ್ಯರ್ಥಿಯ ಪೋಸ್ಟರಿಗೆ ನನ್ನ ತೆರಿಗೆ ಯಾಕೆ ಅನ್ನೋದು ಸಣ್ಣ ಪ್ರಶ್ನೆಯಲ್ಲ. ಹೋರಾಟಗಾರರು ಆ ಪ್ರಶ್ನೆಗೆ 98ರಲ್ಲೇ ಉತ್ತರ ಕೊಟ್ಟು ಮುಗಿಸಬೇಕಿತ್ತು. ಗೆಲುವು ಸುಲಭವಾಗಿ ಸಿಕ್ಕಿದ್ದರಿಂದ ಆ ಕೆಲಸ ಬಾಕಿ ಉಳಿಯಿತು ಅನ್ನಿಸುತ್ತೆ.

ಅದೇ 1998ರಲ್ಲಿ ಅರಿಜೋನಾದಲ್ಲೂ ಇಂಥದ್ದೇ ಕಾಯ್ದೆ ಜನಮತಕ್ಕೆ ಬಂದಿತ್ತು. ಅಲ್ಲಿ ಕೂದಲೆಳೆಯ ಗೆಲುವು, 51ಕ್ಕೆ 49. ಮ್ಯಾಸಚೂಸೆಟ್ಸಿನ ಅಬ್ಬರದ ಗೆಲುವು ಸತ್ತಿತು, ಅರಿಜೋನಾದ ಬಡಕಲು ಗೆಲುವು ಬದುಕಿತು! ಕಾರಣ ಏನು ಗೊತ್ತಾ? ಅರಿಜೋನಾದವರು ದುಡ್ಡಿನ ಮೂಲವನ್ನು ಕಾಯ್ದೆಯೊಳಗೇ ಹೊಲಿದಿದ್ದರು. ಕೋರ್ಟುಗಳಲ್ಲಿ ಕಟ್ಟುವ ದಂಡದ ಮೇಲೆ ನೂರಕ್ಕೆ ಹತ್ತು ಸರ್‌ಚಾರ್ಜ್, ಅದು ನೇರ ನಿಧಿಗೆ. ಅಂದರೆ ಟ್ರಾಫಿಕ್ ದಂಡ ಕಟ್ಟಿದವನೂ ಪ್ರಜಾಪ್ರಭುತ್ವಕ್ಕೆ ಒಂದಿಷ್ಟು ಕೊಟ್ಟ ಹಾಗೆ. ಪ್ರತಿ ವರ್ಷ ಶಾಸಕರ ಮುಂದೆ ಕೈ ಚಾಚುವ ಹಾಗಿಲ್ಲ. 2002ರಲ್ಲಿ, ಬಾಸ್ಟನ್ನಿನಲ್ಲಿ ಕಾರು ಹರಾಜಾದ ಅದೇ ವರ್ಷ, ಜ್ಯಾನೆಟ್ ನೆಪಾಲಿಟಾನೊ ಪೂರ್ತಿ ಸಾರ್ವಜನಿಕ ಹಣದಲ್ಲೇ ಪ್ರಚಾರ ಮಾಡಿ ಅರಿಜೋನಾದ ಗವರ್ನರ್ ಆದರು.

ಹಾಗಂತ ಅಲ್ಲೂ ನೆಮ್ಮದಿ ಇರಲಿಲ್ಲ. 2011ರ ಜೂನಿನಲ್ಲಿ ಸುಪ್ರೀಂ ಕೋರ್ಟು 5-4ರ ತೀರ್ಪಿನಲ್ಲಿ, ಎದುರಾಳಿ ಹೆಚ್ಚು ಖರ್ಚು ಮಾಡಿದರೆ ಹೆಚ್ಚುವರಿ ಹಣ ಕೊಡುವ ಅರಿಜೋನಾದ ನಿಯಮವನ್ನು ಹೊಡೆದುಹಾಕಿತು. ಮೇನ್ ಪದ್ಧತಿಗೂ ಅದೇ ಪೆಟ್ಟು. ಹೆಚ್ಚುವರಿ ಇಲ್ಲದೆ ಈ ದಾರಿ ಹಿಡಿಯುವವರು ಕಮ್ಮಿಯಾದರು. ಮೇನ್ ಶಾಸಕರಂತೂ ನಿಧಿಯಿಂದ ಆಗಾಗ ‘ಸಾಲ’ ಎತ್ತಿಕೊಳ್ಳುತ್ತಲೇ ಇದ್ದರು. ಆದರೆ ಮೇನ್ ಜನ ಮನೆಗೆ ಹೋಗಿ ಮಲಗಿರಲಿಲ್ಲ. 2015ರಲ್ಲಿ ಮತ್ತೆ ಸಹಿ ಸಂಗ್ರಹಿಸಿ, ಮತ್ತೆ ಜನಮತಕ್ಕೆ ಹೋಗಿ, ಗೆದ್ದು, ಕಾಯ್ದೆಯನ್ನು ರಿಪೇರಿ ಮಾಡಿದರು. ಈಗ ಹೆಚ್ಚು ಬೇಕಾದವರು ಇನ್ನಷ್ಟು ಮತದಾರರಿಂದ ಐದೈದು ಡಾಲರ್ ತಂದು ತೋರಿಸಬೇಕು. 2018ರಲ್ಲಿ ಬಜೆಟ್ ಮಸೂದೆಯ ಕರಡಿನಲ್ಲಾದ ಒಂದು ತಪ್ಪಿನಿಂದ ದುಡ್ಡು ಸಿಕ್ಕಿಹಾಕಿಕೊಂಡಾಗ ಮತ್ತೆ ಕೋರ್ಟು. ಇಪ್ಪತ್ತು ವರ್ಷ ಕಳೆದರೂ ಕಾವಲು ತಪ್ಪಲಿಲ್ಲ.

ಇದನ್ನೆಲ್ಲ ಓದುವಾಗ ನನಗೆ ನಮ್ಮಜ್ಜ ನೆನಪಾಗುತ್ತಾರೆ. ನಮ್ಮದು ಸಾಗರದ ಕಡೆ. ಶಾಂತವೇರಿ ಗೋಪಾಲಗೌಡರು 1952ರಲ್ಲಿ ಸಾಗರ-ಹೊಸನಗರದಿಂದ ನಿಂತಾಗ ‘ಒಂದು ಓಟು, ಒಂದು ನೋಟು’ ಅಂತ ಕೇಳಿದ್ದು ನಿಮಗೂ ಗೊತ್ತಿರಬಹುದು. ಅಜ್ಜ ಒಂದು ರೂಪಾಯಿ ನೋಟು ಕೊಟ್ಟಿದ್ದರಂತೆ. ಕೊನೆಯವರೆಗೂ “ನಮ್ ಗೌಡ್ರು” ಅನ್ನುತ್ತಿದ್ದರು. ಬೇರೆ ರಾಜಕಾರಣಿಗಳನ್ನು ಬೈಯುವಾಗ, “ಇವಕ್ಕೆ ದುಡ್ಡು ಕೊಟ್ಟೋನು ಯಾವನೋ ಏನೋ, ಅವನ ಮಾತು ಕೇಳ್ತಾವೆ” ಅನ್ನುತ್ತಿದ್ದರು. ಮೇನ್ ಕಾಯ್ದೆಯ ತಿರುಳೂ ಅಜ್ಜನ ಈ ಒಂದು ಮಾತೇ. ಗೋಪಾಲಗೌಡರದು ಒಬ್ಬ ಮನುಷ್ಯನ ವರ್ಚಸ್ಸಿನ ಮೇಲೆ ನಡೆದದ್ದು, ಮೇನಿನವರು ಅದನ್ನು ಯಾರು ಬೇಕಾದರೂ ಬಳಸಬಹುದಾದ ಕಾನೂನು ಮಾಡಿದರು ಅಷ್ಟೆ.

ನಮ್ಮಲ್ಲೂ 1998ರಲ್ಲೇ ಇಂದ್ರಜಿತ್ ಗುಪ್ತಾ ಸಮಿತಿ ಚುನಾವಣೆಗೆ ಸರ್ಕಾರ ಭಾಗಶಃ ನೆರವು ಕೊಡಬೇಕು ಅಂತ ವರದಿ ಕೊಟ್ಟಿತು. ನಗದಲ್ಲ, ವಸ್ತುರೂಪದಲ್ಲಿ. ಅದೂ ಮಾನ್ಯತೆ ಪಡೆದ ಪಕ್ಷಗಳಿಗೆ ಮಾತ್ರ, ಪಕ್ಷೇತರರಿಗಿಲ್ಲ. ಡೆಬೊರಾ ಸಿಂಪ್ಸನ್ ಥರದವರು ನಮ್ಮಲ್ಲಿ ಪಕ್ಷೇತರರಾಗಿ ನಿಂತರೆ ಆ ಯೋಜನೆಯಲ್ಲೂ ಜಾಗ ಸಿಗುತ್ತಿರಲಿಲ್ಲ! ನಾವು ಹೋಗಿದ್ದು ತಿರುವುಮುರುವಾದ ದಾರಿಯಲ್ಲಿ. 2018ರಲ್ಲಿ ಚುನಾವಣಾ ಬಾಂಡ್ ಬಂತು, ಕೊಟ್ಟವರ ಹೆಸರೇ ಜನರಿಗೆ ತಿಳಿಯದ ವ್ಯವಸ್ಥೆ. 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು. ಆದರೆ ಆ ಜಾಗದಲ್ಲಿ ಏನು ಬರಬೇಕು ಅನ್ನೋದನ್ನು ಕೋರ್ಟು ಹೇಳೋಕಾಗಲ್ಲ, ಅದು ನಮ್ಮ ಕೆಲಸ.

ಸರ್ಕಾರದ ದುಡ್ಡಲ್ಲಿ ಚುನಾವಣೆ ಅಂದರೆ ನಮ್ಮಲ್ಲಿ ಹೆಚ್ಚಿನವರು ಕೇಳೋದು ನನ್ನ ಆ ಹಿರಿಯ ಸಹೋದ್ಯೋಗಿಯ ಪ್ರಶ್ನೆಯನ್ನೇ. ಈ ಕಳ್ಳರಿಗೆ ನಮ್ಮ ದುಡ್ಡು ಬೇರೆ ಕೊಡಬೇಕಾ? ನ್ಯಾಯವಾದ ಪ್ರಶ್ನೆಯೇ. ನನಗೆ ಹೊಳೆಯುವ ಉತ್ತರ ಇಷ್ಟು. ಈಗಲೂ ಕೊಡುತ್ತಿರುವುದು ನಾವೇ, ರಸ್ತೆ ಗುತ್ತಿಗೆಯಲ್ಲಿ, ಲೇಔಟಿನ ಬೆಲೆಯಲ್ಲಿ. ವ್ಯತ್ಯಾಸ ಏನೆಂದರೆ, ಹೀಗೆ ಕೊಟ್ಟದ್ದಕ್ಕೆ ರಸೀದಿ ಇಲ್ಲ, ಕೇಳುವ ಹಕ್ಕೂ ಇಲ್ಲ. ಅಜ್ಜನ ಒಂದು ರೂಪಾಯಿಗೆ ಆ ಹಕ್ಕಿತ್ತು.

ಹಾಗಂತ ಈ ಉತ್ತರವನ್ನು ಒಂದು ಸಲ ಹೇಳಿ ಕೈತೊಳೆದುಕೊಂಡರೆ ಆಗದು ಅನ್ನೋದೇ ಮ್ಯಾಸಚೂಸೆಟ್ಸಿನ ಪಾಠ. ನೀವೇನಂತೀರಿ? ನಿಮ್ಮ ಊರಲ್ಲಿ ಸಜ್ಜನರೊಬ್ಬರು ನಿಂತು ಒಂದು ನೋಟು ಕೇಳಿದರೆ ಕೊಡ್ತೀರಾ?