ವಂಶಾವಳಿ ಎಲ್ಲೀತನಕ ಹುಡುಕೂದು?



ನಮ್ಮ ಅಣ್ಣನ ಮಗ ಮೊಬೈಲಿನ್ಯಾಗ ವಂಶವೃಕ್ಷ ಮಾಡಾಕ ಕುಂತಿದ್ದ. "ಕಾಕಾ, ಮಾದಾರ ಚೆನ್ನಯ್ಯನ ತನಕ ಒಯ್ಯೂಣು" ಅಂದ. ಬ್ಯಾಡ ಅಂದೆ. ಚೆನ್ನಯ್ಯ ನಮ್ಮ ವಿಚಾರದ ಹಿರಿಯ, ಖರೆ. ಆದರೆ 12ನೇ ಶತಮಾನದಿಂದ ನವಲಗುಂದ ತಾಲೂಕಿನ ನಮ್ಮ ಕೇರಿಗೆ ಬರೋ ದಾರಿಯಲ್ಲಿ ಒಂದೂ ಕಾಗದ ಇಲ್ಲ. ಬಾಯಿಗೆ ಬಂದ ಹೆಸರು ಪೋಣಿಸಿದ್ರ, ನಾವು ಇಷ್ಟು ದಿನ ಬೈಕೋತ ಬಂದ ಪುರಾಣ ನಾವೇ ಬರೆದಂಗ.

ಊರ ಗೌಡರ ಮನೆಗೆ ಹೆಳವರು ಎತ್ತಿನ ಜೊತೆ ಬಂದು, ತಲೆಮಾರುಗಳ ಹೆಸರು ಓದಿ ಹೇಳಿ, ಕಾಳು ತಗೊಂಡು ಹೋಗ್ತಿದ್ದರು. ನಮ್ಮ ಓಣಿಗೆ ಬಂದಿದ್ದನ್ನ ನಾನಂತೂ ಕಂಡಿಲ್ಲ. ನಮ್ಮ ಹೆಸರು ಬರೆದಿಟ್ಟದ್ದು ಸರ್ಕಾರ, ಅದೂ ಚಾಕರಿ ಲೆಕ್ಕಕ್ಕೆ. ಧಾರವಾಡ ಆಗ ಮುಂಬಯಿ ಪ್ರಾಂತ್ಯದಾಗಿತ್ತು. ಊರ ಚಾಕರಿ ಮಾಡೋ ಮನೆತನ, ಅದಕ್ಕೊಂದು ತುಂಡು ಹೊಲ, ಇದನ್ನ 1874ರ ವತನ ಕಾಯ್ದೆ ಕಾಗದದಲ್ಲಿ ಕಟ್ಟಿಹಾಕಿತು. ಬಾಬಾಸಾಹೇಬರು 1928ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ತಿದ್ದುಪಡಿ ಮಸೂದೆ ತಂದದ್ದು ಇದೇ ಕಾಯ್ದೆಗೆ. ಮುಂದೆ 1961ರ ಕಾಯ್ದೆ ವತನ ರದ್ದು ಮಾಡಿ, ಹೊಲ ಮರುಮಂಜೂರಿಗೆ ದಾರಿ ಮಾಡಿತು. ಹಿಂಗಾಗಿ ನಮ್ಮಂಥವರಿಗೆ ಗಟ್ಟಿ ಆಧಾರ ಅಂದ್ರ ಮರುಮಂಜೂರಿ ಆದೇಶ, ಉತಾರ, ವಾರಸಾ ಡೈರಿ, ಸಾಲಿ ರಜಿಸ್ಟರ್. ಇವನ್ನ ಹಿಡಕೊಂಡು ಮುತ್ತ್ಯಾನ ಅಪ್ಪನ ತನಕ ಹೋದ್ವಿ. ಅಲ್ಲಿಗೆ ನಿಂತ್ವಿ.

ಅಮೆರಿಕದ ಕಪ್ಪು ಜನರೂ ಇಂಥದೇ ಗೋಡೆಗೆ ಬಂದು ನಿಲ್ತಾರ. 1850, 1860ರ ಗುಲಾಮರ ಪಟ್ಟಿಯಲ್ಲಿ ಮಾಲೀಕನಿಗೆ ಹೆಸರು ಐತಿ, ಗುಲಾಮರಿಗೆ ಬರೀ ವಯಸ್ಸು, ಲಿಂಗ, ಬಣ್ಣ. ಬಹಳ ಮಂದಿಗೆ ಹೆಸರು ಬಂದದ್ದು 1870ರ ಜನಗಣತಿಯಲ್ಲಿ.

ಇನ್ನ ಅಡ್ಡಕ್ಕ ಎಷ್ಟು ಹೋಗೂದು? ನಮ್ಮನ್ಯಾಗ ಜಗಳ ಆದದ್ದೇ ಇಲ್ಲಿ. ತಲಾಟಿ ಕಡೆ ಹಿಂದೆ ಮಾಡಿಸಿದ ವಂಶಾವಳಿಯಲ್ಲಿ ಬರೀ ಗಂಡಸರು. ಮುತ್ತ್ಯಾನ ಅಕ್ಕ-ತಂಗಿ ಇಬ್ಬರೂ ಇಲ್ಲ. ಇದು ಬರೀ ಮರೆವಲ್ಲ. 1886ರ ತಿದ್ದುಪಡಿ, ಕಡೇ ವತನದಾರನ ವಿಧವೆಯೊಬ್ಬಾಕಿನ್ನ ಬಿಟ್ಟು, ಮನೆತನದ ಹೆಣ್ಣುಮಕ್ಕಳನ್ನೆಲ್ಲ ಗಂಡಸರ ಹಿಂದಕ್ಕೆ ತಳ್ಳಿತ್ತು. ಕಾಯ್ದೆ ಹೋದರೂ ರೂಢಿ ಹೋಗಲಿಲ್ಲ.

ಆ ಅಕ್ಕನ್ನ ಎಲ್ಲಮ್ಮಗ ಬಿಟ್ಟಿದ್ದರು. (1934ರಲ್ಲೇ ಮುಂಬಯಿ ಪ್ರಾಂತ್ಯದಾಗ ದೇವದಾಸಿ ಬಿಡಬಾರದು ಅಂತ ಕಾಯ್ದೆ ಬಂದಿತ್ತು. ಊರಾಗ ಯಾರು ಕೇಳ್ತಾರ?) ಆಕಿ ಮಗನ್ನ ಸಾಲಿಗೆ ಹಚ್ಚಿದಾಗ ಅಪ್ಪನ ಹೆಸರಿನ ಜಾಗದಾಗ ಆಕಿ ಹೆಸರೇ ಬರೆದಾರ. ನಾನು ಕಣ್ಣಾರೆ ನೋಡೇನಿ. ಇದಕ್ಕಿಂತ ಗಟ್ಟಿ ದಾಖಲೆ ಯಾವುದು ಬೇಕು? ಅಣ್ಣ ಸಿಟ್ಟಾದ: "ಮಕ್ಕಳ ಮದುವಿ ಆಗಬೇಕು, ಅದನ್ಯಾಕ ಕೆದರ್ತಿ?" ಆಮ್ಯಾಲೆ ಸಣ್ಣ ದನಿಯಲ್ಲಿ, "ಹೊಲದಾಗ ಪಾಲು ಕೇಳ್ತಾರ" ಅಂದ. ಅಸಲಿ ಅಂಜಿಕೆ ಅದು.

ಆಕಿ ಮೊಮ್ಮಕ್ಕಳು ಹುಬ್ಬಳ್ಳಿಯಲ್ಲಿ ಗೌಂಡಿ ಕೆಲಸ ಮಾಡ್ತಾರ. ಅವರನ್ನ ಕೇಳದೆ ಬರೆಯೋ ಹಕ್ಕು ನನಗಿಲ್ಲ, ಅದಕ್ಕ ಹೋದೆ. ಮೊಮ್ಮಗಳು ಅಂದಳು: "ಎಲ್ಲಾ ಬರಿ ಅಣ್ಣಾ, ನಾಚಬೇಕಾದವರು ನಾವಲ್ಲ. ಆಯಿ ಹೆಸರು ಮಾತ್ರ ಮನೀ ಹಾಳ್ಯಾಗ ಇರ್ಲಿ, ಫೋನಿನ್ಯಾಗ ಬ್ಯಾಡ." ಅದಕ್ಕ ಇಲ್ಲಿ ಹೆಸರು ಹಾಕಿಲ್ಲ. ಮನೀ ಹಾಳ್ಯಾಗ ಮುತ್ತ್ಯಾನ ಸಾಲಿನಲ್ಲೇ, ಅವನಿಗಿಂತ ಮೊದಲು, ಆಕಿ ಹೆಸರು ಶಾಯಿಯಲ್ಲಿ ಬರೆದೇನಿ. ಅಣ್ಣ ಇನ್ನೂ ಮಾತಾಡಿಲ್ಲ.

ತಂಗಿಯನ್ನ ಅಣ್ಣಿಗೇರಿ ಕಡೆ ಕೊಟ್ಟಿದ್ದರು ಅಂತ ಬಾಯಿಮಾತು. ಕಾಗದ ಸಿಕ್ಕಿಲ್ಲ, ಆಕಿ ಹೆಸರು ಸದ್ಯಕ್ಕೆ ಪೆನ್ಸಿಲಿನಲ್ಲಿ ಐತಿ. ಮುಂದಿನ ವಾರ ಆ ಕಡೆ ಹೊಂಟೇನಿ. ಹಳೇ ಸಾಲಿ ರಜಿಸ್ಟರ್ ನೋಡಾಕ ಕೈಜೋಡಿಸೋರು ಇದ್ರ ಹೇಳ್ರಿ.